ವಕೀಲರ ಆಫೀಸಿನ ಪುಸ್ತಕ ಕಮ್ಮಿ ಮಾಡೋದು ಹೇಗೆ: ಕಾರವಾರ, ಶಿರಸಿ ಕಡೆಯವರಿಗೆ

ನಮ್ಮ ಕಡೆ ಹಳೇ ವಕೀಲರ ಆಫೀಸಿಗೆ ಹೋದ್ರೆ ಮನುಷ್ಯರಿಗಿಂತ ಮುಂಚೆ ಪುಸ್ತಕಾನೇ ಕಾಣ್ತವೆ. ಒಂದು ಗೋಡೆ ಪೂರ್ತಿ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್), ಎದುರಿನ ಗೋಡೆಗೆ ಸುಪ್ರೀಂ ಕೋರ್ಟ್ ಕೇಸಸ್ ಅನ್ನೋ ಎಸ್‌ಸಿಸಿ, ಕೆಳಗಿನ ಸಾಲಲ್ಲಿ ಬೂಸ್ಟು ಹಿಡಿದ ಬಾಂಬೆ ಲಾ ರಿಪೋರ್ಟರ್, ಎಲ್ಲಾ ಕೋರ್ಟ್ ತೀರ್ಪುಗಳ ಸಂಪುಟ, ಬೈಂಡಿಂಗಿಗೆ ಅಂತ ಕಟ್ಟಿಟ್ಟ ಜರ್ನಲ್ಲು ಟೇಬಲ್ ಕೆಳಗೆ, ಜೂನಿಯರ್ ಕೂರೋಕೆ ಜಾಗ ಇಲ್ಲ, ಪಾರ್ಟಿ ಬಂದ್ರೆ ಜಗಲಿ ಮೇಲೇ ನಿಲ್ಬೇಕು. ಈಗ ಎಲ್ಲಾ ಮೊಬೈಲಲ್ಲೇ ಸಿಗತ್ತಲ್ಲ, ಗುಜರಿಯವನನ್ನ ಕರೆದು ತೂಕಕ್ಕೆ ಹಾಕ್ಬಿಡೋಣ ಅನ್ನೋ ಮಾತು ಸುಮಾರು ಕಡೆ ಶುರುವಾಗಿದೆ. ಕಮ್ಮಿ ಮಾಡ್ಬೇಕು ಅನ್ನೋದಕ್ಕೆ ನನ್ನದೇನೂ ತಕರಾರಿಲ್ಲ, ಹೆಚ್ಚಿನ ಆಫೀಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುಸ್ತಕ ಧೈರ್ಯವಾಗಿ ಹೊರಗೆ ಹಾಕ್ಬಹುದು. ಆದ್ರೆ ಯಾವ ಅರ್ಧ ಅನ್ನೋದನ್ನ ಬೆಂಗಳೂರಿನ ಆಫೀಸು ನೋಡಿ ತೀರ್ಮಾನ ಮಾಡ್ಬೇಡಿ. ನಮ್ಮ ಜಿಲ್ಲೆ ಲೆಕ್ಕ ಬೇರೆ.

ಯಾಕೆ ಅಂದ್ರೆ ಉತ್ತರ ಕನ್ನಡ 1862ರಲ್ಲಿ ಮದ್ರಾಸಿಂದ ಬಾಂಬೆ ಪ್ರೆಸಿಡೆನ್ಸಿಗೆ ಹೋಗಿದ್ದು 1956ರ ನವೆಂಬರ್ 1ರವರೆಗೂ ಬಾಂಬೆ ಕೆಳಗೇ ಇತ್ತು. ರಾಜ್ಯ ಪುನರ್ವಿಂಗಡಣೆ ಆದಾಗ ಹಳೇ ಕಾಯ್ದೆಗಳು ತಾನಾಗಿ ಸಾಯ್ಲಿಲ್ಲ, ಪುನರ್ವಿಂಗಡಣೆ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ ಬೇರೆ ಕಾನೂನು ಬರೋ ತನಕ ಬಾಂಬೆ ಕಾಯ್ದೆಗಳೇ ಇಲ್ಲಿ ನಡೀತಾ ಹೋದ್ವು. ಹಾಗಾಗಿ ಜಮೀನಿನ ಮೂಲ ಹುಡುಕ್ತಾ ಹೋದ್ರೆ 1879ರ ಬಾಂಬೆ ಲ್ಯಾಂಡ್ ರೆವೆನ್ಯೂ ಕೋಡ್ ಬರತ್ತೆ, ಗೇಣಿ ಹಿಡಿದು ಹೋದ್ರೆ 1948ರ ಬಾಂಬೆ ಟೆನೆನ್ಸಿ ಆಕ್ಟ್ ಬರತ್ತೆ, ದೇವಸ್ಥಾನದ ಆಡಳಿತದ ಕೇಸಾದ್ರೆ 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಆಕ್ಟ್ ಬರತ್ತೆ. ಮೈಸೂರು ಕಡೆಯ ವಕೀಲರಿಗೆ ಇದ್ಯಾವುದೂ ಬೇಡ. ನಮಗೆ ಬೇಕು. ಎಲ್ಲರ ಹತ್ರಾನೂ ಇರೋದನ್ನ ಕೊಟ್ಬಿಡಿ, ಈ ಜಿಲ್ಲೆ ಬಿಟ್ಟು ಬೇರೆಲ್ಲೂ ಯಾರೂ ಕಾಪಾಡಿ ಇಡದೇ ಇರೋದನ್ನ ಇಟ್ಕೊಳ್ಳಿ, ಈ ಲೇಖನ ಪೂರ್ತಿ ಹೇಳೋಕೆ ಹೊರಟಿರೋದು ಅದನ್ನೇ.

ಯಾವಾಗ ಶುರು ಮಾಡೋದು

ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ ಇರೋ ಹೊತ್ತು ಸರಿಯಾದ ಟೈಮು. ಆಫೀಸಲ್ಲಿ ಗಡಿಬಿಡಿ ಕಮ್ಮಿ, ಜೂನಿಯರ್‌ಗಳು ಸಿಗ್ತಾರೆ, ಮುಖ್ಯವಾಗಿ ಪುಸ್ತಕ ಒಣಗಿರತ್ತೆ. ಜೂನ್ ಹಿಡಿದ್ರೆ ಮುಗೀತು, ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಆ ತೇವದಲ್ಲಿ ಪುಸ್ತಕ ರಟ್ಟಿನ ಡಬ್ಬಿಗೆ ತುಂಬಿ ಜಗಲಿಯಲ್ಲಿ ಇಟ್ರೆ ಆಗಸ್ಟ್ ಹೊತ್ತಿಗೆ ಯಾರೂ ತಗೊಳ್ಳೋ ಸ್ಥಿತಿಯಲ್ಲಿ ಇರಲ್ಲ. ಮೇ ಕೊನೆಯೊಳಗೆ ಪುಸ್ತಕ ಆಫೀಸಿಂದ ಹೊರಗೆ ಹೋಗಿರ್ಬೇಕು ಅಂತ ಲೆಕ್ಕ ಹಾಕಿ ಹಿಂದಿಂದ ಪ್ಲಾನ್ ಮಾಡಿ. ಬೂಸ್ಟು ಹಿಡಿದ ಪುಸ್ತಕ ಮುಟ್ಟೋರು ಮಾಸ್ಕ್ ಹಾಕ್ಕೊಳ್ಳಿ, ಉಬ್ಬಸ ಇರೋರನ್ನ ಆ ಕೆಲಸಕ್ಕೆ ಹಚ್ಚಬೇಡಿ.

ಪುಸ್ತಕ ಯಾರದ್ದು ಅನ್ನೋದು ಮೊದಲು

ಇದನ್ನ ಬಿಟ್ಟು ಮುಂದೆ ಹೋಗೋರೇ ಜಾಸ್ತಿ. ಆಫೀಸಲ್ಲಿ ಇರೋ ಪುಸ್ತಕ ಎಲ್ಲಾ ಆಫೀಸಿಂದೇ ಅಂತ ಏನಿಲ್ಲ. ತೀರಿಹೋದ ಸೀನಿಯರ್ ಅವರ ಸ್ವಂತದ್ದು ಇರತ್ತೆ, ಅವರ ಮಕ್ಕಳಿಗೆ ಒಂದು ಮಾತು ಹೇಳ್ಬೇಕು. ಬಾರ್ ಅಸೋಸಿಯೇಷನ್ ಸೀಲ್ ಇರೋ ವಾಲ್ಯೂಮ್ ಯಾವ್ದೋ ಕಾಲದಲ್ಲಿ ಆರ್ಗ್ಯುಮೆಂಟಿಗೆ ಅಂತ ತಂದು ಅಲ್ಲೇ ಉಳಿದಿರತ್ತೆ, ಅದನ್ನ ಮೊದಲು ವಾಪಸ್ ಮಾಡಿ. ಪಾರ್ಟ್‌ನರ್‌ಶಿಪ್ ಆಫೀಸಾದ್ರೆ ಎಲ್ಲಾ ಪಾರ್ಟ್‌ನರ್‌ಗಳ ಸಹಿ ಒಂದು ಹಾಳೆ ಮೇಲೆ ತಗೊಳ್ಳಿ, ಬಾಯಿಮಾತು ಸಾಲದು. ಪುಸ್ತಕದ ಮೇಲೆ ಸವಕಳಿ ತೋರಿಸ್ತಾ ಬಂದಿದ್ರೆ ಆಡಿಟರ್‌ಗೂ ಒಂದು ಫೋನ್ ಮಾಡಿ.

ಪಟ್ಟಿ ಮಾಡೋದು

ಒಂದೊಂದು ಪುಸ್ತಕದ ಹೆಸರು ಬರೀತಾ ಕೂತ್ರೆ ರಜೆ ಅಲ್ಲೇ ಮುಗಿಯತ್ತೆ. ಸೀರೀಸ್ ಹಿಡಿದು ಬರೀರಿ. ಹೆಸರು, ಯಾವ ವರ್ಷದಿಂದ ಯಾವ ವರ್ಷ, ಮಧ್ಯ ಯಾವ ವಾಲ್ಯೂಮ್ ಇಲ್ಲ, ಎಷ್ಟು ಅಡಿ ಜಾಗ ಹಿಡಿದಿದೆ, ಸ್ಥಿತಿ ಹೇಗಿದೆ, ಆನ್‌ಲೈನಲ್ಲಿ ಎಲ್ಲಿ ಸಿಗತ್ತೆ, ಇಷ್ಟು ಕಾಲಂ ಸಾಕು. ಅಡಿ ಲೆಕ್ಕ ಯಾಕೆ ಅಂದ್ರೆ ಕೊನೆಗೆ ನಿಮಗೆ ಬೇಕಾಗಿರೋದು ಜಾಗ, ನೂರು ಸಣ್ಣ ಬೇರ್ ಆಕ್ಟ್ (ಕಾಯ್ದೆಯ ಪಠ್ಯ ಮಾತ್ರ ಇರೋ ಪುಸ್ತಕ) ತೆಗೆದ್ರೂ ಒಂದು ಸಾಲು ಖಾಲಿ ಆಗಲ್ಲ, ಅದೇ ಒಂದು ಹೈಕೋರ್ಟಿನ ಸೀರೀಸ್ ತೆಗೆದ್ರೆ ಒಂದು ಕಪಾಟೇ ಖಾಲಿ. ಪ್ರತಿ ಕಪಾಟಿಂದೂ ಮೊಬೈಲಲ್ಲಿ ಫೋಟೋ ತೆಗೆದಿಡಿ.

ಹಳೇ ಮಾಳಿಗೆ ಮನೆಯಲ್ಲಿ ಆಫೀಸು ಇರೋರು ತೂಕಾನೂ ನೋಡ್ಕೊಳ್ಳಿ, ಐದು ಸಾಲಿನ ಒಂದು ಕಬ್ಬಿಣದ ರ‍್ಯಾಕ್ ತುಂಬ ಬೈಂಡ್ ಮಾಡಿದ ರಿಪೋರ್ಟ್ಸ್ ಇದ್ರೆ ಎರಡು ಕ್ವಿಂಟಲ್ ಹತ್ರ ಹೋಗತ್ತೆ. ಮರದ ತೊಲೆ ಮೇಲೆ ಅಂಥಾ ರ‍್ಯಾಕ್ ಸಾಲಾಗಿ ನಿಂತಿದ್ರೆ ಅದೇ ಮೊದಲು ಇಳಿಸ್ಬೇಕಾದ್ದು.

ಯಾವ ಪುಸ್ತಕಕ್ಕೆ ಯಾರು ಕೈ ಹಾಕ್ತಾರೆ ಅನ್ನೋದು ಗೊತ್ತಾಗ್ಬೇಕು ಅಂದ್ರೆ ಸುಲಭದ ದಾರಿ, ಮೂರು ನಾಲ್ಕು ತಿಂಗಳು ಮುಂಚೆ ಟೇಬಲ್ ಮೇಲೆ ಬಣ್ಣದ ಚೀಟಿ ಇಡಿ, ಪುಸ್ತಕ ತೆಗೆದೋರು ವಾಪಸ್ ಇಡುವಾಗ ಬೆನ್ನಿಗೆ ಒಂದು ಅಂಟಿಸ್ಲಿ. ಸೀನಿಯರ್ ಹತ್ರ ಕೇಳಿದ್ರೆ ಎಲ್ಲಾ ಬೇಕು ಅಂತಾರೆ, ಚೀಟಿ ನಿಜ ಹೇಳತ್ತೆ. ಆದ್ರೂ ಚೀಟಿ ಒಂದನ್ನೇ ನಂಬಬೇಡಿ, ಹತ್ತು ವರ್ಷಕ್ಕೊಮ್ಮೆ ಬೇಕಾಗೋ ಪುಸ್ತಕ ನಾಲ್ಕು ತಿಂಗಳಲ್ಲಿ ಹೇಗೆ ಗೊತ್ತಾಗತ್ತೆ.

ಧೈರ್ಯವಾಗಿ ತೆಗೀಬಹುದಾದ್ದು

ಮೊದಲು ಸುಪ್ರೀಂ ಕೋರ್ಟ್ ರಿಪೋರ್ಟ್ಸ್, ಅಂದ್ರೆ ಎಸ್‌ಸಿಆರ್. 2023ರ ಜನವರಿಯಿಂದ ಇ-ಎಸ್‌ಸಿಆರ್ ಬಂದಿದೆ, ಸುಪ್ರೀಂ ಕೋರ್ಟಿನ ಅಧಿಕೃತ ವರದಿ 1950ರಿಂದ ಫ್ರೀಯಾಗಿ ಪಿಡಿಎಫ್ ಸಿಗತ್ತೆ, ಮುದ್ರಿತ ಪುಸ್ತಕದ ಪುಟಾನೇ ಅದು. ಹಾಗಾಗಿ ಎಸ್‌ಸಿಆರ್ ಸೆಟ್ಟು ಇಟ್ಕೊಳ್ಳೋಕೆ ಕಾರಣ ಇಲ್ಲ. ಒಂದೇ ತೀರ್ಪು ಎಐಆರ್ ಎಸ್‌ಸಿ, ಎಸ್‌ಸಿಸಿ, ಎಸ್‌ಸಿಆರ್ ಅಂತ ಮೂರು ಕಡೆ ಇದ್ರೆ ಒಂದನ್ನ ಇಟ್ಕೊಳ್ಳಿ. ನನ್ನ ಕೇಳಿದ್ರೆ ಕೋರ್ಟಲ್ಲಿ ನಿಮ್ಮ ಸೀನಿಯರ್ ಯಾವುದನ್ನ ಸೈಟ್ ಮಾಡ್ತಾರೋ (ಉಲ್ಲೇಖಿಸ್ತಾರೋ) ಅದನ್ನ.

ಎಐಆರ್ ವಿಷಯದಲ್ಲಿ ಒಂದು ಅನುಕೂಲ ಇದೆ, ಹೆಚ್ಚಿನೋರು ಅದನ್ನ ಕೋರ್ಟ್ ಪ್ರಕಾರ ಬೇರೆ ಬೇರೆ ಬೈಂಡ್ ಮಾಡಿಸಿರ್ತಾರೆ. ಕಲ್ಕತ್ತಾ, ಪಾಟ್ನಾ, ಒರಿಸ್ಸಾ, ರಾಜಸ್ಥಾನ, ಹಳೇ ಕಾಲದ ಲಾಹೋರ್, ನಾಗಪುರ, ಇವೆಲ್ಲ ತೆಗೀರಿ, ಯಾವಾಗಾದ್ರೂ ಒಂದು ಸೈಟೇಶನ್ (ತೀರ್ಪಿನ ವರ್ಷ, ಪುಟದ ಗುರುತು) ಬೇಕಾದ್ರೆ ಆನ್‌ಲೈನಲ್ಲಿ ಸಿಗತ್ತೆ. ಬಾಂಬೆ, ಮೈಸೂರು, ಕರ್ನಾಟಕ, ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಕಾಲದ ಕೊನೇ ಅಪೀಲು ಕೋರ್ಟು) ಬೈಂಡಿಂಗ್ ಮಾತ್ರ ಪಕ್ಕಕ್ಕಿಡಿ. ಇದೊಂದರಿಂದಲೇ ಎಐಆರ್ ಗೋಡೆ ಬಹುಪಾಲು ಖಾಲಿ ಆಗತ್ತೆ.

ಡೈಜೆಸ್ಟ್ (ತೀರ್ಪುಗಳ ಸಾರಾಂಶದ ಸೂಚಿ) ಎಲ್ಲಾ ತೆಗೀಬಹುದು, ಸರ್ಚ್ ಬಾಕ್ಸ್ ಮಾಡೋ ಕೆಲಸಾನೇ ಅವು ಮಾಡ್ತಿದ್ದಿದ್ದು. ಬೇರ್ ಆಕ್ಟ್ ಹಳೇ ಪ್ರತಿಗಳು ಹೋಗ್ಲಿ, ಕೇಂದ್ರ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಇವೆ, ಕರ್ನಾಟಕ ಕಾಯ್ದೆಗಳು ಸಂಸದೀಯ ವ್ಯವಹಾರ ಇಲಾಖೆ ಜಾಲತಾಣದಲ್ಲಿ ಸಿಗ್ತವೆ.

ಹಳೇ ಕಾಮೆಂಟರಿ: ಇಲ್ಲಿ ನಿಂತು ಯೋಚನೆ ಮಾಡಿ

ಕಾಮೆಂಟರಿ, ಅಂದ್ರೆ ಕಾಯ್ದೆ ವಿವರಿಸೋ ಪುಸ್ತಕ, ಹಳೇದಾದ್ರೆ ಜಾಗ ತಿನ್ನೋದಷ್ಟೇ ಅಲ್ಲ, ದಾರಿ ತಪ್ಪಿಸತ್ತೆ. ಹಿಂದೂ ಲಾ ತಗೊಳ್ಳಿ. 2005ರ ಸೆಪ್ಟೆಂಬರ್ 9ರಂದು ಮಗಳಿಗೆ ಸಮಪಾಲಿನ ತಿದ್ದುಪಡಿ ಬಂತು. 2015ರಲ್ಲಿ ಪ್ರಕಾಶ್ ವರ್ಸಸ್ ಫೂಲವತಿ ಕೇಸಲ್ಲಿ ಸುಪ್ರೀಂ ಕೋರ್ಟು ಆ ದಿನ ಅಪ್ಪ ಬದುಕಿರ್ಬೇಕು ಅಂತು. 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಹಾಗೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರತ್ತೆ ಅಂತ ಹೇಳಿ ಹಿಂದಿನದನ್ನ ತೆಗೆದು ಹಾಕ್ತು. ಅಂದ್ರೆ ಇವೆರಡರ ಮಧ್ಯ ಅಚ್ಚಾದ ಕಾಮೆಂಟರಿ ನೋಡೋಕೆ ಹೊಸದಾಗಿದ್ರೂ ಪಾಲಿನ ದಾವೆಗೆ ಅಪಾಯ, ಜೂನಿಯರ್ ಅದನ್ನ ನೋಡಿ ಡ್ರಾಫ್ಟ್ ಮಾಡಿದ್ರೆ ಮಗಳ ಪಾಲೇ ತಪ್ಪಿಹೋಗತ್ತೆ. ಅಂಥದ್ದನ್ನ ಕಪಾಟಿಂದ ತೆಗೆದೇ ಬಿಡಿ. ಆದ್ರೆ ಅದೇ ವಿಷಯದ 1940ರ, 50ರ ದಶಕದ ಎಡಿಷನ್ ಇದ್ರೆ ಇಟ್ಕೊಳ್ಳಿ ಮಾರಾಯ್ರೆ, ಅಜ್ಜ 1956ರ ಉತ್ತರಾಧಿಕಾರ ಕಾಯ್ದೆಗಿಂತ ಮುಂಚೆ ತೀರಿಹೋಗಿದ್ರೆ ವಿಧವೆಯ ಹಕ್ಕು ಏನಿತ್ತು, 1937ರ ಕಾಯ್ದೆ ಪ್ರಕಾರ ಎಷ್ಟು ಸಿಗ್ತಿತ್ತು ಅನ್ನೋದನ್ನ ಈಗಿನ ಎಡಿಷನ್‌ಗಳು ಎರಡು ಪ್ಯಾರಾದಲ್ಲಿ ಮುಗಿಸಿರ್ತಾವೆ, ಹಳೇದರಲ್ಲಿ ಅಧ್ಯಾಯವೇ ಇರತ್ತೆ. ಘಟ್ಟದ ಮೇಲೆ ತೋಟದ ಪಾಲಿನ ಕೇಸು ಮಾಡೋರಿಗೆ ಇದು ಗೊತ್ತು.

ಐಪಿಸಿ, ಸಿಆರ್‌ಪಿಸಿ, ಎವಿಡೆನ್ಸ್ ಆಕ್ಟ್ (ಅಪರಾಧ, ವಿಚಾರಣೆ, ಸಾಕ್ಷ್ಯದ ಹಳೇ ಕಾಯ್ದೆಗಳು) ಕಾಮೆಂಟರಿ ಈಗ ಎಲ್ಲರೂ ತೆಗೀತಾ ಇದಾರೆ, 2024ರ ಜುಲೈ 1ರಿಂದ ಹೊಸ ಮೂರು ಕಾಯ್ದೆ ಬಂದ್ವಲ್ಲ ಅಂತ. ಅವಸರ ಬೇಡ. ಆ ದಿನಕ್ಕಿಂತ ಮುಂಚಿನ ಅಪರಾಧಕ್ಕೆ ಐಪಿಸಿನೇ ಅನ್ವಯ, ಭಾರತೀಯ ನ್ಯಾಯ ಸಂಹಿತೆ 358ನೇ ಸೆಕ್ಷನ್ನೇ ಅದನ್ನ ಉಳಿಸಿದೆ, ಆಗಲೇ ನಡೀತಿದ್ದ ವಿಚಾರಣೆಗೂ ಮೇಲ್ಮನವಿಗೂ ಹಳೇ ಸಿಆರ್‌ಪಿಸಿ. ಕೆಳಗಿನ ಕೋರ್ಟಿನ ಕೇಸು ಮುಗಿದು, ಧಾರವಾಡ ಪೀಠದಲ್ಲಿ ಅಪೀಲು ಮುಗಿಯೋ ತನಕ ಎಷ್ಟು ವರ್ಷ ಹೋಗತ್ತೆ ಅಂತ ನಿಮಗೇ ಗೊತ್ತು. ಪ್ರತಿಯೊಂದರ ಕೊನೇ ಎಡಿಷನ್ ಒಂದು ಸೆಟ್ ಇಡಿ, ಅದಕ್ಕಿಂತ ಹಳೇದು ಹೋಗ್ಲಿ.

ಭೂಸ್ವಾಧೀನಕ್ಕೂ ಇದೇ ಮಾತು. 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂದಿದ್ರೂ ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆ ಅಂತ ನಮ್ಮ ಜಿಲ್ಲೆ ಜಮೀನು ಹೋಗಿದ್ದು 1894ರ ಕಾಯ್ದೆ ಕಾಲದಲ್ಲಿ. ನಿಮ್ಮ ಆಫೀಸಲ್ಲಿ ಆ ಪರಿಹಾರದ ಫೈಲು ಒಂದಾದ್ರೂ ಜೀವಂತ ಇದ್ರೆ 1894ರ ಕಾಯ್ದೆಯ ಒಳ್ಳೇ ಕಾಮೆಂಟರಿ ಒಂದು ಇರ್ಲೇಬೇಕು.

ಯಾವುದೇ ಕಾರಣಕ್ಕೂ ಕೊಡಬಾರದ್ದು

ಬಾಂಬೆ ಕಾಲದ ಕಾಯ್ದೆಗಳ ಕಾಮೆಂಟರಿ, ಮೇಲೆ ಹೇಳಿದ್ದು. ಕುಮಟಾ ಕಡೆ ಅಘನಾಶಿನಿ ದಂಡೆಯ ಗಜನಿ ಭೂಮಿ (ಉಪ್ಪುನೀರು ನುಗ್ಗೋ ಗದ್ದೆ) ಕೇಸಿದ್ದೋರಿಗೆ 1948ರ ಬಾಂಬೆ ಖಾರ್ ಲ್ಯಾಂಡ್ಸ್ ಆಕ್ಟ್. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋ ಕಾಡಿನ) ಕೇಸು ಮಾಡೋರಿಗೆ ಕೆನರಾ (ನಮ್ಮ ಜಿಲ್ಲೆಯ ಹಳೇ ಹೆಸರು) ಅರಣ್ಯ ಸವಲತ್ತಿನ ನಿಯಮಗಳ ಪುಸ್ತಕ, ಹಳೇ ಅರಣ್ಯ ಅಧಿಸೂಚನೆ, ಗೆಜೆಟ್ ತುಂಡು, ಸೈಕ್ಲೋಸ್ಟೈಲ್ ಪ್ರತಿ, ಸರ್ಕಾರಿ ಸುತ್ತೋಲೆ ಕಟ್ಟು, ನೋಡೋಕೆ ಕಸದ ಹಾಗೆ ಕಾಣೋದೆಲ್ಲ. ಕಸ ಅಂತ ಮೊದಲು ಹೋಗೋದು ಅದೇ, ಆಮೇಲೆ ಹುಡುಕಿದ್ರೆ ಎಲ್ಲೂ ಸಿಗದೇ ಇರೋದೂ ಅದೇ. ಲ್ಯಾಂಡ್ ಟ್ರಿಬ್ಯುನಲ್ ಕಾಲದ, ಅಂದ್ರೆ 1974ರ ಮಾರ್ಚ್ 1ರ ನಂತರದ ಭೂಸುಧಾರಣೆ ತಿದ್ದುಪಡಿ, ಗೇಣಿದಾರರು ಹಕ್ಕಿಗೆ ಅರ್ಜಿ ಹಾಕ್ತಿದ್ದ ಫಾರ್ಮ್ 7 ಇದರ ಬಗ್ಗೆ ಇರೋ ಕೈಪಿಡಿಗಳೂ ಹಾಗೇ.

ಮೈಸೂರು ಲಾ ಜರ್ನಲ್, ಕರ್ನಾಟಕ ಲಾ ಜರ್ನಲ್ ಹಳೇ ವಾಲ್ಯೂಮಲ್ಲಿ ಶಾರ್ಟ್ ನೋಟ್ಸ್ ಪುಟ ಇರ್ತಾವೆ ನೋಡಿ, ಪೂರ್ತಿ ತೀರ್ಪು ಇಲ್ಲದೆ ನಾಲ್ಕೇ ಸಾಲು. ಇದು ಡೇಟಾಬೇಸಲ್ಲಿ ಇರತ್ತೆ ಅಂತ ಅಂದಾಜು ಮಾಡ್ಬೇಡಿ, ಕೊಡೋ ಮುಂಚೆ ಹುಡುಕಿ ನೋಡಿ.

ಆನ್‌ಲೈನಲ್ಲಿ ಸಿಗತ್ತೆ ಅನ್ನೋದನ್ನ ಪರೀಕ್ಷೆ ಮಾಡಿ

ಪ್ರತಿ ಸೀರೀಸಿಂದ ಬೇರೆ ಬೇರೆ ದಶಕದ ಹತ್ತು ಸೈಟೇಶನ್ ಆರಿಸಿ, ಜೂನಿಯರ್ ಕೈಲಿ ಹುಡುಕಿಸಿ. ಕೇಸು ಸಿಕ್ತು ಅನ್ನೋದು ಸಾಲದು, ಆ ಸೈಟೇಶನ್ ಹಾಕಿದ್ರೆ ಸಿಗತ್ತಾ, ತೀರ್ಪು ಪೂರ್ತಿ ಇದೆಯಾ, ಪುಟ ಸಂಖ್ಯೆ ತೋರಿಸತ್ತಾ ನೋಡ್ಬೇಕು, ಹಳೇ ತೀರ್ಪುಗಳಲ್ಲಿ ಸ್ಕ್ಯಾನ್ ಮಾಡುವಾಗ ಅಕ್ಷರ ಕಲಸಿ ಸೆಕ್ಷನ್ ನಂಬರೇ ಬದಲಾಗಿರೋದೂ ಉಂಟು. ಇಂಡಿಯನ್ ಕಾನೂನ್ ಫ್ರೀ ಇದೆ, ಹುಡುಕೋಕೆ ಚೆನ್ನಾಗಿದೆ. ಎಸ್‌ಸಿಸಿ ಆನ್‌ಲೈನ್, ಮನುಪಾತ್ರ ದುಡ್ಡು ಕೊಟ್ಟು ತಗೊಳ್ಳೋದು, ದುಡ್ಡು ಕಟ್ಟೋದು ನಿಲ್ಲಿಸಿದ ದಿನ ಬಾಗಿಲು ಮುಚ್ಚತ್ತೆ, ಪುಸ್ತಕ ಹಾಗಲ್ಲ. ಹಾಗಾಗಿ ಇಬ್ಬರೇ ಇರೋ ಸಣ್ಣ ಆಫೀಸು ಪುಸ್ತಕ ಪೂರ್ತಿ ಕೊಟ್ಟು ಚಂದಾ ಒಂದನ್ನೇ ನಂಬೋದು ನನಗೆ ಸರಿ ಕಾಣಲ್ಲ.

ಇನ್ನೊಂದು, ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋಗೋ ಊರು ನಮ್ಮದು. ಪದೇ ಪದೇ ಬೇಕಾಗೋ ತೀರ್ಪು, ಕಾಯ್ದೆಗಳ ಪಿಡಿಎಫ್ ಇಳಿಸಿ ಒಂದು ಹಾರ್ಡ್ ಡಿಸ್ಕಲ್ಲಿ ಇಡಿ, ಅದರ ಪ್ರತಿ ಇನ್ನೊಬ್ಬರ ಮನೇಲಿ ಇರ್ಲಿ.

ಸ್ಕ್ಯಾನ್ ಮಾಡೋರಿಗೆ ಒಂದು ಎಚ್ಚರಿಕೆ. ತೀರ್ಪಿನ ಪಠ್ಯಕ್ಕೆ ಕಾಪಿರೈಟ್ ತೊಂದರೆ ಇಲ್ಲ, ಕಾಪಿರೈಟ್ ಕಾಯ್ದೆ 52ನೇ ಸೆಕ್ಷನ್ ಅದನ್ನ ಬಿಟ್ಟಿದೆ. ಆದ್ರೆ ಹೆಡ್‌ನೋಟ್ (ತೀರ್ಪಿನ ಮೊದಲಿಗೆ ಹಾಕೋ ಸಾರಾಂಶ), ಸಂಪಾದಕರು ಸೇರಿಸಿದ ಟಿಪ್ಪಣಿ ಪ್ರಕಾಶಕರದ್ದು, 2007ರ ಈಸ್ಟರ್ನ್ ಬುಕ್ ಕಂಪನಿ ವರ್ಸಸ್ ಮೋದಕ್ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದ್ದು. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕೋದು ಬೇಡ.

ಕೊಡೋ ಮುಂಚೆ ಪ್ರತಿ ಪುಸ್ತಕ ಕೊಡವಿ

ಇದನ್ನ ಗಟ್ಟಿಯಾಗಿ ಹೇಳ್ತೇನೆ. ಬೆನ್ನು ಹಿಡಿದು, ಪುಟ ಕೆಳಗೆ ಮಾಡಿ, ಒಂದು ಸಲ ಕೊಡವಿ, ಆಮೇಲೆ ಹೆಬ್ಬೆರಳಲ್ಲಿ ಪುಟ ಓಡಿಸಿ. ನಾನು ಪುಸ್ತಕ ನೋಡಿಕೊಳ್ಳೋ ಆಫೀಸಲ್ಲಿ ಒಂದು ಹಳೇ ಬಾಂಬೆ ಲಾ ರಿಪೋರ್ಟರ್ ಹೀಗೆ ಕೊಡವಿದಾಗ ನಾಲ್ಕು ಮಡಿಕೆ ಮಾಡಿದ ಸ್ಟಾಂಪ್ ಪೇಪರ್ ಬಿತ್ತು, ಅಡವು ಪತ್ರ, ಮೂಲ ಪ್ರತಿ, ಮಡಿಕೆ ಇದ್ದ ಕಡೆ ಹುಳ ಸಣ್ಣ ಸಾಲಾಗಿ ತೂತು ಮಾಡಿತ್ತು, ಆದ್ರೆ ಸಬ್ ರಿಜಿಸ್ಟ್ರಾರ್ ಸೀಲು, ಸರ್ವೆ ನಂಬರು ಎರಡೂ ಓದೋ ಹಾಗಿತ್ತು. ಯಾರೋ ಪುಟ ಗುರುತಿಗೆ ಅಂತ ಇಟ್ಟಿದ್ರೋ ಏನೋ. ಅದು ಗುಜರಿಗೆ ಹೋಗಿದ್ರೆ ಒಂದು ಮನೆಯವರ ದಾಖಲೆ ಹೋಗ್ತಿತ್ತು. ಅಡವು ಬಿಡಿಸಿಕೊಳ್ಳೋಕೆ ಲಿಮಿಟೇಶನ್ ಕಾಯ್ದೆ 30 ವರ್ಷ ಕೊಡತ್ತೆ, ಅಷ್ಟು ದೊಡ್ಡ ಅವಧಿಯಲ್ಲಿ ಇಂಥ ಹಾಳೆ ಯಾವಾಗ ಬೇಕಾಗತ್ತೋ ಹೇಳೋಕಾಗಲ್ಲ.

ಕಕ್ಷಿದಾರರ ಹೆಸರಿರೋ ಚೀಟಿ, ಕೇಸ್ ನೋಟ್ಸ್ ಸಿಕ್ರೆ ಫೈಲಿಗೆ ಸೇರಿಸಿ, ಬೇಡದ್ದು ಹರಿದು ಹಾಕಿ, ಹೊರಗಿನೋರ ಕೈಗೆ ಹೋಗ್ಬಾರ್ದು. ಸೀನಿಯರ್ ಪೆನ್ಸಿಲಲ್ಲಿ ಅಂಚಿಗೆ ಬರೆದ ಟಿಪ್ಪಣಿ ಇದ್ರೆ ಆ ಪುಟದ ಫೋಟೋ ತೆಗೆದಿಡಿ. ಯಾವ ತೀರ್ಪು ಯಾವುದಕ್ಕೆ ಉತ್ತರ ಅಂತ ಜೀವಮಾನದ ಪ್ರಾಕ್ಟೀಸಲ್ಲಿ ಗುರುತು ಮಾಡಿದ್ದು ಯಾವ ಸಾಫ್ಟ್‌ವೇರಲ್ಲೂ ಸಿಗಲ್ಲ.

ಎಲ್ಲಿಗೆ ಕಳಿಸೋದು

ಪಟ್ಟಿಯನ್ನ ಮೊದಲು ತಾಲೂಕಿನ ಬಾರ್ ಅಸೋಸಿಯೇಷನ್ ಗ್ರೂಪಿಗೆ ಹಾಕಿ, ಹದಿನೈದು ದಿನ ಟೈಮ್ ಕೊಡಿ. ಹೊಸದಾಗಿ ಆಫೀಸು ಇಟ್ಟೋರು ಕೆಲವು ಸೆಟ್ಟು ಸಂತೋಷದಿಂದ ತಗೊಳ್ತಾರೆ. ಜೋಯಿಡಾ, ಮುಂಡಗೋಡ ಕಡೆಯ ಬಾರಿನವರಿಗೂ ಕೇಳಿ, ಕಾರವಾರದವರಿಗೆ ಹೆಚ್ಚಾಗಿದ್ದು ಅಲ್ಲಿ ಉಪಯೋಗಕ್ಕೆ ಬರಬಹುದು. ಆಮೇಲೆ ಕಾನೂನು ಕಾಲೇಜು, ಶಿರಸಿಯಲ್ಲೇ ಇದೆ, ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಪಟ್ಟಿ ಕಳಿಸಿ ಏನು ಬೇಕು ಅಂತ ಅವರೇ ಆರಿಸಲಿ. ದಾನ ಅಂತ ಹೇಳಿ ಟೆಂಪೋ ತುಂಬ ತಂದು ಬಾಗಿಲಲ್ಲಿ ಇಳಿಸಿ ಹೋಗೋದು ಸರಿಯಲ್ಲ, ನಿಮ್ಮ ಕಷ್ಟ ಅವರ ತಲೆಗೆ ಕಟ್ಟಿದ ಹಾಗೆ. ವಿದ್ಯಾರ್ಥಿಗಳಿಗೆ ಹಳೇ ಕಾಮೆಂಟರಿ ಕೊಡೋದಾದ್ರೆ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಇದು ಹಳೇ ಎಡಿಷನ್, ಈಗಿನ ಕಾನೂನು ಬೇರೆ ಅಂತ ಬರೀರಿ.

ಪೂರ್ತಿ ಸೆಟ್ಟು, ಮಧ್ಯ ಗ್ಯಾಪ್ ಇಲ್ಲದ್ದು, ಬೈಂಡಿಂಗ್ ಗಟ್ಟಿ ಇರೋದು ಇದ್ರೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಿಗೆ ಫೋಟೋ ಕಳಿಸಿ ನೋಡಿ, ಬೆಂಗಳೂರಿನ ಅವೆನ್ಯೂ ರೋಡ್ ಕಡೆ ಹಳೇ ಪುಸ್ತಕದ ವ್ಯಾಪಾರ ಇದೆ. ದೊಡ್ಡ ದುಡ್ಡಿನ ಆಸೆ ಬೇಡ, ಸಾಗಾಟದ ಖರ್ಚೇ ನುಂಗತ್ತೆ. ಉಳಿದದ್ದು ರದ್ದಿಗೆ. ರೆಕ್ಸಿನ್ ರಟ್ಟು ಕಿತ್ತು ಪೇಪರ್ ಬೇರೆ ಮಾಡಿ ಕೊಟ್ರೆ ರೇಟು ಸ್ವಲ್ಪ ಚೆನ್ನಾಗಿ ಸಿಗತ್ತೆ, ಆಫೀಸಿನ ಸೀಲ್ ಇರೋ ಪುಟದ ಮೇಲೆ ರದ್ದು ಅಂತ ಹೊಡೀರಿ. ರೆಕ್ಸಿನ್ ಸಮೇತ ಹಿತ್ತಲಲ್ಲಿ ಸುಡಬೇಡಿ, ಆ ಹೊಗೆ ಒಳ್ಳೇದಲ್ಲ.

ಉಳಿದ ಪುಸ್ತಕಕ್ಕೆ ಜಾಗ ಮಾಡೋದು

ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರತ್ತೆ, ರ‍್ಯಾಕನ್ನ ಗೋಡೆಯಿಂದ ನಾಲ್ಕು ಇಂಚು ಈಚೆಗೆ ನಿಲ್ಲಿಸಿ, ತಳದ ಸಾಲು ಖಾಲಿ ಬಿಡಿ, ವರಲೆ ಹತ್ತೋದು ಅಲ್ಲಿಂದಲೇ. ಗಾಜಿನ ಬಾಗಿಲ ಕಪಾಟಾದ್ರೆ ಬಿಸಿಲು ಬಂದ ದಿನ ಬಾಗಿಲು ತೆಗೆದಿಡಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಬಾಂಬೆ ಕಾಲದ್ದು, ಗೆಜೆಟ್, ಸುತ್ತೋಲೆ ಇದಕ್ಕೆಲ್ಲ ನೆಲದಿಂದ ಎತ್ತರದಲ್ಲಿ ಒಂದೇ ಕಡೆ ಜಾಗ ಕೊಡಿ, ಬಿಡಿ ಹಾಳೆಗಳನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಮುಚ್ಚಬೇಡಿ, ಒಳಗೇ ಬೆವೆತು ಹಾಳಾಗ್ತಾವೆ, ಹತ್ತಿ ಬಟ್ಟೆಯಲ್ಲಿ ಕಟ್ಟಿದ್ರೆ ಒಳ್ಳೇದು.

ಇಷ್ಟೆಲ್ಲ ಮಾಡಿ ಅಚ್ಚಿನ ಪುಸ್ತಕದ ಚಂದಾ ನಿಲ್ಲಿಸದೇ ಇದ್ರೆ ಎರಡೇ ವರ್ಷಕ್ಕೆ ಕಪಾಟು ಮತ್ತೆ ತುಂಬತ್ತೆ. ತೆಗೆದ ಪ್ರತಿ ಸೀರೀಸಿನ ಪ್ರಕಾಶಕರಿಗೆ ಈ ಅವಧಿ ಮುಗಿದ ಮೇಲೆ ಬೇಡ ಅಂತ ಲಿಖಿತವಾಗಿ ತಿಳಿಸಿ, ಏಜೆಂಟ್‌ಗೆ ಫೋನಲ್ಲಿ ಹೇಳಿದ್ರೆ ಮುಂದಿನ ವರ್ಷದ ಬಿಲ್ಲೂ ಬರತ್ತೆ, ಪುಸ್ತಕಾನೂ ಬರತ್ತೆ. ಕೊನೆಗೆ ಒಂದು ರಿಜಿಸ್ಟರ್, ಯಾವ ಸೆಟ್ಟು, ಯಾವ ತಾರೀಕು, ಯಾರಿಗೆ ಹೋಯ್ತು, ಈಗ ಅದನ್ನ ಎಲ್ಲಿ ನೋಡ್ಬೇಕು. ಆ ಕೊನೇ ಕಾಲಂ ಅನ್ನ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಖಾಲಿಯಾದ ಕಪಾಟಿನ ಪಕ್ಕದಲ್ಲೇ ಅಂಟಿಸಿ, ಇಲ್ಲಾಂದ್ರೆ ಕೋರ್ಟಿಗೆ ಹೊರಡೋ ಹೊತ್ತಲ್ಲಿ ಸೀನಿಯರ್ ಬಂದು ಎಐಆರ್ ಕಲ್ಕತ್ತಾ ಎಲ್ಲೋಯ್ತು ಅಂತ ಕೇಳಿದಾಗ ಜೂನಿಯರ್ ಹತ್ರ ಉತ್ತರ ಇರಲ್ಲ.